ವಿದೇಶದ ಗ್ಯಾಸ್ ಯೋಜನೆ, ಅಲ್ಲಿನ ಕುರ್ಚಿ, ಇಲ್ಲಿನ ಶೇರು: ಪದೇ ಪದೇ ಕೇಳುವ ಪ್ರಶ್ನೆಗಳು

ಕಾರವಾರದಲ್ಲಿ ಮೂವತ್ತು ವರ್ಷ ವಾಣಿಜ್ಯ ಪಾಠ ಹೇಳಿ ನಿವೃತ್ತನಾದವನು ನಾನು. ಮನೆಗೆ ಬರುವವರು, ಸಂತೆಯಲ್ಲಿ ಸಿಗುವವರು, ಶಿರಸಿ, ಕುಮಟಾ ಕಡೆಯಿಂದ ಪತ್ರ ಬರೆಯುವವರು ಈಚೆಗೆ ಒಂದೇ ಬಗೆಯ ಪ್ರಶ್ನೆ ಕೇಳುತ್ತಾರೆ. ಯಾವುದೋ ದೇಶದಲ್ಲಿ ಯಾರನ್ನೋ ಯಾವುದೋ ಹುದ್ದೆಗೆ ನೇಮಿಸಿದರಂತೆ, ನಮ್ಮ ಒಎನ್‌ಜಿಸಿ, ಗೇಲ್ ಶೇರಿಗೆ ಏನಾಗುತ್ತದೆ? ಹೇಳಿದ್ದನ್ನೇ ಹೇಳುವ ಬದಲು ಒಂದು ಕಡೆ ಬರೆದಿಡೋಣ ಅನ್ನಿಸಿತು. ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ. ಒಎನ್‌ಜಿಸಿ ಎಣ್ಣೆ, ಗ್ಯಾಸ್ ತೆಗೆಯುವ ಸರ್ಕಾರಿ ಕಂಪನಿ, ಗೇಲ್ ಗ್ಯಾಸ್ ಸಾಗಿಸಿ ಮಾರುವ ಸರ್ಕಾರಿ ಕಂಪನಿ. ಈ ಎರಡೂ ಕಂಪನಿಯ ಶೇರು ನನ್ನ ಬಳಿಯೂ ಇವೆ. ಅದನ್ನು ಗಮನದಲ್ಲಿಟ್ಟುಕೊಂಡು ಓದಿ.

## ಮೊದಲು ತಿಳಿಯಬೇಕಾದ್ದು

ಅಡುಗೆಮನೆ ಸಿಲಿಂಡರ್ ಗ್ಯಾಸೂ ಇದೂ ಒಂದೇನಾ?

ಅಲ್ಲ. ಸಿಲಿಂಡರ್‌ನಲ್ಲಿ ಇರುವುದು ಎಲ್‌ಪಿಜಿ, ಅಂದರೆ ಪ್ರೊಪೇನ್ ಮತ್ತು ಬ್ಯೂಟೇನ್. ಇಲ್ಲಿ ಹೇಳುತ್ತಿರುವುದು ನೈಸರ್ಗಿಕ ಅನಿಲ, ಅದರಲ್ಲಿ ಬಹುಪಾಲು ಮೀಥೇನ್. ಅದನ್ನು ಮೈನಸ್ 162 ಡಿಗ್ರಿವರೆಗೆ ತಣ್ಣಗೆ ಮಾಡಿದರೆ ದ್ರವವಾಗುತ್ತದೆ, ಗಾತ್ರ ಆರುನೂರರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಆಗ ಹಡಗಿನಲ್ಲಿ ತರಬಹುದು. ಅದೇ ಎಲ್‌ಎನ್‌ಜಿ. ನಮ್ಮ ಉತ್ತರಕ್ಕೆ ರತ್ನಾಗಿರಿ ಜಿಲ್ಲೆಯ ದಾಭೋಳ್‌ನಲ್ಲಿ, ದಕ್ಷಿಣಕ್ಕೆ ಕೊಚ್ಚಿಯಲ್ಲಿ ಅದನ್ನು ಇಳಿಸುತ್ತಾರೆ. ಕೊಚ್ಚಿಯಿಂದ ಮಂಗಳೂರಿಗೆ ಬರುವ ಪೈಪ್‌ಲೈನ್ 2021ರ ಜನವರಿಯಲ್ಲಿ ಉದ್ಘಾಟನೆಯಾಯಿತು. ಗದ್ದೆಗೆ ಹಾಕುವ ಯೂರಿಯಾ ತಯಾರಾಗುವುದೂ ಈ ಗ್ಯಾಸಿನಿಂದಲೇ.

ನಾನು ಆಫ್ರಿಕಾದಲ್ಲಿ ದುಡ್ಡು ಹಾಕಿದವನಲ್ಲ. ನನಗೂ ಇದಕ್ಕೂ ಏನು ಸಂಬಂಧ?

ನಿಮ್ಮ ಡಿಮ್ಯಾಟ್ ಖಾತೆಯಲ್ಲಿ ಒಎನ್‌ಜಿಸಿ, ಆಯಿಲ್ ಇಂಡಿಯಾ ಅಥವಾ ಬಿಪಿಸಿಎಲ್ ಇದ್ದರೆ ನೀವೂ ಹಾಕಿದ್ದೀರಿ. ಮೊಜಾಂಬಿಕ್‌ನ ರೋವುಮಾ ಕಡಲಿನ ‘ಏರಿಯಾ 1’ ಎಂಬ ಗ್ಯಾಸ್ ಯೋಜನೆಯಲ್ಲಿ ಭಾರತದ ಸರ್ಕಾರಿ ಕಂಪನಿಗಳದ್ದೇ ಶೇ. 30 ಪಾಲು. ಅದರಲ್ಲಿ ಒಎನ್‌ಜಿಸಿ ವಿದೇಶ್‌ಗೆ 16, ಬಿಪಿಸಿಎಲ್‌ನ ಅಂಗಸಂಸ್ಥೆಗೆ 10, ಆಯಿಲ್ ಇಂಡಿಯಾಕ್ಕೆ 4. ಒಎನ್‌ಜಿಸಿ ವಿದೇಶ್ ಎಂಬ ಹೆಸರು ಶೇರುಪೇಟೆಯಲ್ಲಿ ಹುಡುಕಿದರೆ ಸಿಗುವುದಿಲ್ಲ. ಅದು ಪೂರ್ತಿಯಾಗಿ ಒಎನ್‌ಜಿಸಿಯದೇ ಅಂಗಸಂಸ್ಥೆ. ಅದರ ಲಾಭ, ನಷ್ಟ ಎರಡೂ ತಾಯಿ ಕಂಪನಿಯ ಲೆಕ್ಕಕ್ಕೆ ಬಂದು ಸೇರುತ್ತವೆ. ಶೇರು ಇಲ್ಲದವರಿಗೂ ಸಂಬಂಧ ಉಂಟು. ಎಲ್‌ಐಸಿ ಕೂಡ ಒಎನ್‌ಜಿಸಿಯ ದೊಡ್ಡ ಶೇರುದಾರ.

ಮಂತ್ರಿ ಬದಲಾದರೂ ಗ್ಯಾಸ್ ಬಾವಿ ಅಲ್ಲೇ ಇರುತ್ತಲ್ವಾ?

ಬಾವಿ ಅಲ್ಲೇ ಇರುತ್ತದೆ, ನಿಜ. ತೊಂದರೆ ಇರುವುದೂ ಅದರಲ್ಲೇ. ಎತ್ತಿ ಬೇರೆ ಕಡೆ ಒಯ್ಯಲು ಆಗುವುದಿಲ್ಲ.

ಶಿರಸಿಯ ತೋಟಿಗರಿಗೆ ಇದು ಬೇಗ ಅರ್ಥವಾಗುತ್ತದೆ. ಅಡಿಕೆ ಸಸಿ ನೆಟ್ಟವರು ಫಸಲಿಗೆ ಆರೇಳು ವರ್ಷ ಕಾಯುತ್ತಾರೆ. ಅಷ್ಟರಲ್ಲಿ ನೀರಿನ ದಾರಿ ಯಾರೋ ಮುಚ್ಚಿದರೆ ಗಿಡ ಕಿತ್ತುಕೊಂಡು ಹೋಗಲು ಆಗುತ್ತದೆಯೇ? ಗ್ಯಾಸ್ ಯೋಜನೆ ಅದಕ್ಕಿಂತ ನಿಧಾನ. ಮೊಜಾಂಬಿಕ್‌ನಲ್ಲಿ ಶೇ. 10 ಪಾಲಿಗೆ ಒಎನ್‌ಜಿಸಿ ವಿದೇಶ್ ಮತ್ತು ಆಯಿಲ್ ಇಂಡಿಯಾ ಸೇರಿ 2013ರಲ್ಲಿ ಒಪ್ಪಿಕೊಂಡ ಬೆಲೆ 247.5 ಕೋಟಿ ಡಾಲರ್. ಸುಮಾರು 2,000 ಕೋಟಿ ಡಾಲರ್‌ನ ಯೋಜನೆಗೆ 2019ರ ಜೂನ್‌ನಲ್ಲಿ ಅಂತಿಮ ಒಪ್ಪಿಗೆ ಬಿತ್ತು. 2021ರ ಮಾರ್ಚ್‌ನಲ್ಲಿ ಪಕ್ಕದ ಪಾಲ್ಮಾ ಪಟ್ಟಣದ ಮೇಲೆ ಉಗ್ರರ ದಾಳಿಯಾಗಿ ಕೆಲಸ ನಿಂತಿತು. ಪರಿಸ್ಥಿತಿ ಕೈಮೀರಿದೆ ಎಂದು ಅಧಿಕೃತವಾಗಿ ಸಾರಿದ್ದನ್ನು ಯೋಜನೆ ನಡೆಸುವ ಟೋಟಲ್ ಎನರ್ಜೀಸ್ ಹಿಂದಕ್ಕೆ ಪಡೆದದ್ದು 2025ರ ನವೆಂಬರ್‌ನಲ್ಲಿ. ಮೊದಲ ಗ್ಯಾಸ್ 2029ಕ್ಕೆ ಎಂಬ ಲೆಕ್ಕ ಇಟ್ಟಿದ್ದಾರೆ. ಈ ಹದಿನಾರು ವರ್ಷದಲ್ಲಿ ಎಷ್ಟು ದೇಶಗಳಲ್ಲಿ ಎಷ್ಟು ಸರ್ಕಾರ ಬರುತ್ತವೆ, ಹೋಗುತ್ತವೆ! ಒಂದೊಂದು ಸಹಿಗೂ ಯಾರೋ ಒಬ್ಬರು ಕುರ್ಚಿಯಲ್ಲಿ ಕೂತಿರಬೇಕು.

## ಕುರ್ಚಿಗಳ ವಿಚಾರ

ಮಾಸ್ತರೇ, ಪೇಪರಿನಲ್ಲಿ ದಿನಾ ನೇಮಕದ ಸುದ್ದಿ. ಯಾವ ಕುರ್ಚಿ ನೋಡಬೇಕು?

ಒಂದೇ ಪ್ರಶ್ನೆ ಕೇಳಿಕೊಳ್ಳಿ: ಈ ಕುರ್ಚಿಯ ಸಹಿ ಇಲ್ಲದಿದ್ದರೆ ಯೋಜನೆ ನಿಲ್ಲುತ್ತದೆಯೇ? ನಿಲ್ಲುತ್ತದೆ ಅಂದರೆ ಆ ಸುದ್ದಿ ಓದಿ. ಇಲ್ಲವೆಂದರೆ ಪುಟ ತಿರುಗಿಸಿ.

ಗ್ಯಾಸ್ ಇರುವ ದೇಶದ ಇಂಧನ ಮಂತ್ರಿ ಮತ್ತು ಅಲ್ಲಿನ ಸರ್ಕಾರಿ ಗ್ಯಾಸ್ ಕಂಪನಿಯ ಮುಖ್ಯಸ್ಥರದ್ದು ಇಂಥ ಕುರ್ಚಿ. ಸಾಲಕ್ಕೆ ಖಾತರಿ ಕೊಡುವ ಸರ್ಕಾರಿ ಬ್ಯಾಂಕಿನ ಮಂಡಳಿಯದೂ ಹೌದು. ಜನ ಇದನ್ನು ಗಮನಿಸುವುದೇ ಇಲ್ಲ, ನನ್ನ ಲೆಕ್ಕದಲ್ಲಿ ಇದೇ ದೊಡ್ಡದು. ಆಮೇಲೆ ಪರವಾನಗಿ ಕೊಡುವ ಆಯೋಗ. ಕೊನೆಗೆ ನಮ್ಮದೇ ದೇಶದಲ್ಲಿ ಕಂಪನಿಯ ಅಧ್ಯಕ್ಷರು ಮತ್ತು ನಿರ್ದೇಶಕರು. ರಾಯಭಾರಿ ಬದಲಾದದ್ದು, ಸಲಹೆಗಾರರು ಬಂದದ್ದು, ವಕ್ತಾರರ ಹೇಳಿಕೆ, ಇವುಗಳಿಂದ ಶೇರು ಎರಡು ದಿನ ಕುಣಿಯಬಹುದು. ಯೋಜನೆ ಅಲುಗುವುದಿಲ್ಲ.

ಬಂದವರು ನಮಗೆ ಅನುಕೂಲದವರೋ ಅಲ್ಲವೋ ಅಂತ ನೋಡಿದರೆ ಸಾಕಲ್ವಾ?

ಎಲ್ಲರೂ ಅದನ್ನೇ ನೋಡುತ್ತಾರೆ. ಯಾರೂ ಬರದೇ ಇದ್ದರೆ ಏನಾಗುತ್ತದೆ ಎಂಬುದನ್ನು ಅದಕ್ಕಿಂತ ಮೊದಲು ನೋಡಬೇಕು ಅನ್ನುವುದು ನನ್ನ ಅನುಭವ. ವಿರೋಧಿ ಮಂತ್ರಿಯ ಹತ್ತಿರ ಮಾತುಕತೆ ಮಾಡಬಹುದು, ಷರತ್ತು ಬದಲಿಸಬಹುದು. ಖಾಲಿ ಕುರ್ಚಿಯ ಹತ್ತಿರ ಏನು ಮಾತಾಡುವುದು?

ಸಹಕಾರಿ ಸಂಘದ ಸದಸ್ಯರಿಗೆಲ್ಲ ‘ಕೋರಂ’ ಗೊತ್ತು. ಸಭೆಗೆ ಇಷ್ಟು ಜನ ಬರದಿದ್ದರೆ ಠರಾವು ಇಲ್ಲ. ಅಮೆರಿಕದ ಎಕ್ಸಿಮ್ ಬ್ಯಾಂಕಿಗೆ ಸರಿಯಾಗಿ ಇದೇ ಗತಿಯಾಯಿತು. ಹೊರದೇಶದ ಯೋಜನೆಗಳಿಗೆ ಅಮೆರಿಕದ ಸಾಮಾನು ಮಾರಲು ಸಾಲ ಕೊಡುವ ಸರ್ಕಾರಿ ಬ್ಯಾಂಕ್ ಅದು. ಅದರ ಮಂಡಳಿಗೆ ಅಮೆರಿಕದ ಅಧ್ಯಕ್ಷರು ಹೆಸರು ಸೂಚಿಸಬೇಕು, ಅಲ್ಲಿನ ಸಂಸತ್ತಿನ ಮೇಲ್ಮನೆಯಾದ ಸೆನೆಟ್ ಒಪ್ಪಬೇಕು. ಒಪ್ಪಿಗೆ ಬರಲಿಲ್ಲ. 2015ರ ಜುಲೈಯಿಂದ 2019ರ ಮೇವರೆಗೆ ಕೋರಂ ಇಲ್ಲ. ಒಂದು ಕೋಟಿ ಡಾಲರ್ ದಾಟಿದ ಸಾಲದ ಅರ್ಜಿಯನ್ನು ಮಂಜೂರು ಮಾಡುವ ಅಧಿಕಾರವೇ ಆ ನಾಲ್ಕು ವರ್ಷ ಬ್ಯಾಂಕಿಗೆ ಇರಲಿಲ್ಲ. ಬ್ಯಾಂಕ್ ಇತ್ತು, ಸಿಬ್ಬಂದಿ ಇದ್ದರು, ಹಣವೂ ಇತ್ತು.

ಮೇ ತಿಂಗಳಲ್ಲಿ ಸದಸ್ಯರು ಬಂದರು. ಸೆಪ್ಟೆಂಬರ್‌ನಲ್ಲಿ ಆ ಮೊಜಾಂಬಿಕ್ ಯೋಜನೆಗೆ 500 ಕೋಟಿ ಡಾಲರ್‌ವರೆಗಿನ ಸಾಲಕ್ಕೆ ಒಪ್ಪಿಗೆ ಸಿಕ್ಕಿತು. ಮುಂದೆ ಅದನ್ನು 470 ಕೋಟಿಗೆ ಇಳಿಸಿದರು. ದಾಳಿಯಾಗಿ ಕೆಲಸ ನಿಂತ ಮೇಲೆ ಅದೇ ಸಾಲಕ್ಕೆ ಮತ್ತೊಮ್ಮೆ ಒಪ್ಪಿಗೆ ಬೇಕಾಯಿತು. ಅದು ಸಿಕ್ಕಿದ್ದು 2025ರ ಮಾರ್ಚ್‌ನಲ್ಲಿ, ಅಮೆರಿಕದಲ್ಲಿ ಸರ್ಕಾರ ಬದಲಾದ ಸುಮಾರು ಎರಡು ತಿಂಗಳಿಗೆ. ಅದೇ ವರ್ಷ ಡಿಸೆಂಬರ್‌ನಲ್ಲಿ ಬ್ರಿಟನ್ ಸರ್ಕಾರ ಇದೇ ಯೋಜನೆಗೆ ಕೊಡಬೇಕಿದ್ದ 115 ಕೋಟಿ ಡಾಲರ್ ನೆರವಿನಿಂದ ಹಿಂದೆ ಸರಿಯಿತು. ಬಾವಿ ಅದೇ, ಗ್ಯಾಸ್ ಅದೇ. ಒಂದು ರಾಜಧಾನಿಯಲ್ಲಿ ಸಹಿ ಬಿತ್ತು, ಇನ್ನೊಂದರಲ್ಲಿ ಹಿಂತೆಗೆದುಕೊಂಡರು. ಮಧ್ಯದಲ್ಲಿ ಅಂಕೋಲೆಯ ಪಿಂಚಣಿದಾರರ ಉಳಿತಾಯವೂ ಕೂತಿದೆ.

ಪರವಾನಗಿ ಆಯೋಗದಲ್ಲೂ ಹೀಗೇ ಆಗಿದೆ. ಅಮೆರಿಕದಲ್ಲಿ ಎಲ್‌ಎನ್‌ಜಿ ಟರ್ಮಿನಲ್‌ಗೆ ಒಪ್ಪಿಗೆ ಕೊಡುವ ‘ಫರ್ಕ್’ ಎಂಬ ಐದು ಜನರ ಇಂಧನ ಆಯೋಗ 2017ರ ಫೆಬ್ರವರಿಯಿಂದ ಆಗಸ್ಟ್‌ವರೆಗೆ ಕೋರಂ ಇಲ್ಲದೆ ಕೂತಿತ್ತು. ಆಗ ಅಧಿಕಾರದಲ್ಲಿದ್ದದ್ದು ಎಣ್ಣೆ, ಗ್ಯಾಸ್ ಕಂಪನಿಗಳ ಪರ ಎಂದೇ ಹೆಸರಾದ ಸರ್ಕಾರ! ‘ನಮ್ಮವರು’ ಬಂದರೂ ಕುರ್ಚಿ ತುಂಬದಿದ್ದರೆ ಕೆಲಸ ಆಗುವುದಿಲ್ಲ.

ನಮ್ಮ ದೇಶದಲ್ಲೇ ಕಂಪನಿ ಅಧ್ಯಕ್ಷರ ಹುದ್ದೆ ಖಾಲಿ ಇದ್ದರೆ?

ಈ ಪ್ರಶ್ನೆ ಕೇಳಿದವರು ಅಂಕೋಲೆಯ ನಿವೃತ್ತ ಅಕ್ಕೋರು ಒಬ್ಬರು. ಒಎನ್‌ಜಿಸಿಯ ವಾರ್ಷಿಕ ವರದಿಯನ್ನು ಚೀಲದಲ್ಲಿ ಹಾಕಿಕೊಂಡೇ ಬಂದಿದ್ದರು. ನಿರ್ದೇಶಕರ ಪುಟ ತೆಗೆದು, ಒಂದು ಹೆಸರಿನ ಕೆಳಗಿದ್ದ ‘ಹೆಚ್ಚುವರಿ ಪ್ರಭಾರ’ ಎಂಬ ಅರ್ಥದ ಸಾಲಿನ ಮೇಲೆ ಪೆನ್ಸಿಲಿನಿಂದ ಗೆರೆ ಎಳೆದಿದ್ದರು. “ಇವರು ನಮ್ಮ ಶಾಲೆಯ ಪ್ರಭಾರ ಹೆಡ್‌ಮಾಸ್ತರ ಹಾಗೆಯಾ?” ಅಂದರು. ಇದಕ್ಕಿಂತ ಒಳ್ಳೆಯ ಪ್ರಶ್ನೆಯನ್ನು ನಾನು ಈವರೆಗೆ ಕೇಳಿಲ್ಲ.

ಒಎನ್‌ಜಿಸಿಯಲ್ಲಿ 2021ರ ಮಾರ್ಚ್ ಕೊನೆಗೆ ಪೂರ್ಣಾವಧಿ ಅಧ್ಯಕ್ಷರು ನಿವೃತ್ತರಾದರು. ಮುಂದಿನ ಪೂರ್ಣಾವಧಿ ಅಧ್ಯಕ್ಷರಾಗಿ ಅರುಣ್ ಕುಮಾರ್ ಸಿಂಗ್ ಬಂದದ್ದು 2022ರ ಡಿಸೆಂಬರ್‌ನಲ್ಲಿ. ನಡುವಿನ ಇಪ್ಪತ್ತು ತಿಂಗಳಲ್ಲಿ ಮೂವರು ಪ್ರಭಾರದಲ್ಲಿ ನಡೆಸಿದರು. ಸರ್ಕಾರಿ ಕಂಪನಿಗಳಿಗೆ ಹೆಸರು ಆರಿಸಿ ಕೊಡುವ ಮಂಡಳಿ ಬೇರೆಯೇ ಇದೆ, ಅದರ ಮೇಲೆ ಸಂಪುಟದ ನೇಮಕಾತಿ ಸಮಿತಿ ಒಪ್ಪಬೇಕು. 2021ರ ಸಂದರ್ಶನದಲ್ಲಿ ಯಾರೂ ಸೂಕ್ತರಲ್ಲ ಎಂದು ಆ ಮಂಡಳಿ ಕೈಚೆಲ್ಲಿತು.

ಪ್ರಭಾರ ಅಂದರೆ ಏನು ಎಂದು ನಮ್ಮ ಜಿಲ್ಲೆಯವರಿಗೆ ಹೇಳಿಕೊಡಬೇಕಾಗಿಲ್ಲ. ನನ್ನದೇ ಒಂದು ಜಾಗದ ಕಡತ ಒಂದು ಕಚೇರಿಯಲ್ಲಿ ಏಳು ತಿಂಗಳು ಕೂತಿತ್ತು. ಪ್ರಭಾರದಲ್ಲಿದ್ದ ಅಧಿಕಾರಿ ಒಳ್ಳೆಯ ಮನುಷ್ಯ. “ಕಾಯಂ ಸಾಹೇಬರು ಬರಲಿ, ನಾನು ಸಹಿ ಹಾಕಿ ನಾಳೆ ಉತ್ತರ ಕೊಡುವುದು ಬೇಡ” ಅನ್ನುತ್ತಿದ್ದರು. ದಿನದ ಕೆಲಸ ನಡೆಯುತ್ತದೆ, ದೊಡ್ಡ ನಿರ್ಧಾರ ಕಾಯುತ್ತದೆ. ಹೊರದೇಶದ ಗ್ಯಾಸ್ ಯೋಜನೆಯಲ್ಲಿ ಇನ್ನಷ್ಟು ಪಾಲು ಕೊಳ್ಳುವುದು, ಇದ್ದದ್ದನ್ನು ಮಾರುವುದು, ಎಲ್ಲವೂ ದೊಡ್ಡ ನಿರ್ಧಾರವೇ ಅಲ್ವಾ?

ಇನ್ನೊಂದು ಮಾತನ್ನೂ ಪ್ರಾಮಾಣಿಕವಾಗಿ ಹೇಳಬೇಕು. ಅದೇ ಅವಧಿಯಲ್ಲಿ ಬಂದ 2021-22ರ ಲೆಕ್ಕದಲ್ಲಿ ಒಎನ್‌ಜಿಸಿಯ ನಿವ್ವಳ ಲಾಭ 40,000 ಕೋಟಿ ರೂಪಾಯಿ ದಾಟಿತ್ತು. ಕಾರಣ ಎಣ್ಣೆಯ ಬೆಲೆ. ಖಾಲಿ ಕುರ್ಚಿಯ ಬೆಲೆ ಆ ವರ್ಷದ ಲಾಭದಲ್ಲಿ ಕಾಣುವುದಿಲ್ಲ. ಹತ್ತು ವರ್ಷದ ಮೇಲೆ ಯಾವ ಯೋಜನೆ ನಮ್ಮ ಕೈಯಲ್ಲಿ ಇಲ್ಲ ಎಂಬುದರಲ್ಲಿ ಕಾಣುತ್ತದೆ.

ಸರ್ಕಾರಿ ಗ್ಯಾಸ್ ಕಂಪನಿಗೆ ಶೇರುಪೇಟೆ ದಂಡ ಹಾಕಿತು ಅಂತ ಓದಿದೆ. ಗಾಬರಿ ಆಗಬೇಕಾ?

ಸುಮ್ನೆ ಗಾಬರಿ ಬೇಡ, ಕಾರಣ ನೋಡಿ. ಹಲವು ಬಾರಿ ದಂಡ ಬಿದ್ದದ್ದು ಮಂಡಳಿಯಲ್ಲಿ ಬೇಕಾದಷ್ಟು ಸ್ವತಂತ್ರ ನಿರ್ದೇಶಕರು ಇಲ್ಲ ಎಂದು. ನೇಮಕ ಸರ್ಕಾರದ ಕೈಯಲ್ಲಿದೆ, ನಮ್ಮದೇನೂ ಇಲ್ಲ ಎಂದು ಕಂಪನಿಗಳು ಉತ್ತರ ಕೊಡುತ್ತವೆ. ದಂಡದ ಮೊತ್ತ ಚಿಕ್ಕದು. ಆದರೆ ಸ್ವತಂತ್ರ ನಿರ್ದೇಶಕರ ಕೆಲಸವೇ ಸಣ್ಣ ಶೇರುದಾರರ ಪರವಾಗಿ “ಈ ಯೋಜನೆಗೆ ಇಷ್ಟು ಹಣ ಯಾಕೆ?” ಎಂದು ಕೇಳುವುದು. ಆ ಜಾಗ ಖಾಲಿ ಇರುವುದು ನಮಗೇ ನಷ್ಟ. ವಾರ್ಷಿಕ ಸಭೆಯಲ್ಲಿ ಇದನ್ನು ಕೇಳುವ ಹಕ್ಕು ಒಂದೇ ಶೇರು ಇದ್ದವರಿಗೂ ಇದೆ. ಈಗ ಹಲವು ಕಂಪನಿಗಳ ಸಭೆಗೆ ಮನೆಯಲ್ಲೇ ಕೂತು ಸೇರಬಹುದು. ದಯವಿಟ್ಟು ಕೇಳಿ.

ನನ್ನ ತಮ್ಮ ದೋಹಾದಲ್ಲಿದ್ದಾನೆ. ಕತಾರ್‌ನಲ್ಲಿ ಇಂಥ ರಗಳೆ ಇಲ್ಲ ಅನ್ನುತ್ತಾನೆ. ಹೌದಾ?

ಭಟ್ಕಳದಿಂದ ಈ ಪ್ರಶ್ನೆ ಜಾಸ್ತಿ ಬರುತ್ತದೆ. ನಿಮ್ಮ ತಮ್ಮ ಹೇಳುವುದರಲ್ಲಿ ಸತ್ಯವಿದೆ. ಅಲ್ಲಿ 2018ರಿಂದ ಇಂಧನ ಮಂತ್ರಿಯೂ ಸರ್ಕಾರಿ ಗ್ಯಾಸ್ ಕಂಪನಿ ಕತಾರ್ ಎನರ್ಜಿಯ ಮುಖ್ಯಸ್ಥರೂ ಒಬ್ಬರೇ, ಸಾದ್ ಅಲ್ ಕಾಬಿ. ನಿರ್ಧಾರ ಬೇಗ ಆಗುತ್ತದೆ, ಕೊಟ್ಟ ಮಾತು ಉಳಿಯುತ್ತದೆ. ಹೊರದೇಶದಿಂದ ಎಲ್‌ಎನ್‌ಜಿ ತರಿಸುವ ನಮ್ಮ ಪೆಟ್ರೊನೆಟ್ ಕಂಪನಿ 1999ರಲ್ಲಿ ಮಾಡಿಕೊಂಡ ಒಪ್ಪಂದದ ಗ್ಯಾಸ್ 2004ರಿಂದ ಬರುತ್ತಿದೆ. ವರ್ಷಕ್ಕೆ 75 ಲಕ್ಷ ಟನ್‌ನಂತೆ 2028ರಿಂದ ಇನ್ನೂ ಇಪ್ಪತ್ತು ವರ್ಷಕ್ಕೆ 2024ರ ಫೆಬ್ರವರಿಯಲ್ಲಿ ಸಹಿ ಆಯಿತು. ಆದರೆ ಎರಡು ಕುರ್ಚಿಯಲ್ಲಿ ಒಬ್ಬರೇ ಇದ್ದರೆ, ಅವರು ಬದಲಾದ ದಿನ ಎರಡೂ ಒಟ್ಟಿಗೆ ಬದಲಾಗುತ್ತವೆ.

ಪೆಟ್ರೊನೆಟ್‌ನಲ್ಲೂ ಒಂದು ವಿಶೇಷವಿದೆ. ಕೇಂದ್ರದ ಪೆಟ್ರೋಲಿಯಂ ಕಾರ್ಯದರ್ಶಿಯೇ ಅದರ ಅಧ್ಯಕ್ಷರು. ಅವರಿಗೆ ವರ್ಗವಾದರೆ ಕಂಪನಿಯ ಅಧ್ಯಕ್ಷರೂ ಬದಲಾದ ಹಾಗೆ.

## ಸ್ವಲ್ಪ ಕಷ್ಟದ ಪ್ರಶ್ನೆಗಳು

ಬೈಡನ್ ಗ್ಯಾಸ್ ರಫ್ತು ನಿಲ್ಲಿಸಿದರು, ಟ್ರಂಪ್ ತೆರೆದರು. ಗೇಲ್‌ಗೆ ಎಷ್ಟು ಪೆಟ್ಟು, ಎಷ್ಟು ಲಾಭ?

ಇಲ್ಲಿ ಒಂದು ವ್ಯತ್ಯಾಸ ತಿಳಿದಿರಬೇಕು: ಕೈಯಲ್ಲಿರುವ ಪರವಾನಗಿ ಬೇರೆ, ಮೇಜಿನ ಮೇಲಿರುವ ಅರ್ಜಿ ಬೇರೆ. 2024ರ ಜನವರಿ 26ರಂದು ನಿಂತದ್ದು ಹೊಸ ಅರ್ಜಿಗಳ ವಿಲೇವಾರಿ ಮಾತ್ರ. ಗೇಲ್ ಗ್ಯಾಸ್ ತರುವ ಸಬೀನ್ ಪಾಸ್ ಮತ್ತು ಕೋವ್ ಪಾಯಿಂಟ್ ಟರ್ಮಿನಲ್‌ಗಳಿಗೆ ಪರವಾನಗಿ ಎಂದೋ ಸಿಕ್ಕಿತ್ತು. ಎರಡೂ ಕಡೆಯಿಂದ ಸೇರಿ ವರ್ಷಕ್ಕೆ 58 ಲಕ್ಷ ಟನ್‌ನ ಒಪ್ಪಂದ ಹಾಗೇ ಉಳಿಯಿತು. 2025ರ ಜನವರಿ 20ರಂದು ತಡೆ ತೆಗೆದರು. ಮುಂದಿನ ತಿಂಗಳು ಇಂಧನ ಕಾರ್ಯದರ್ಶಿಯಾದ ಕ್ರಿಸ್ ರೈಟ್ ಅದೇ ಉದ್ಯಮದಲ್ಲಿ ಕಂಪನಿ ನಡೆಸಿದವರು. ಹೊಸ ಟರ್ಮಿನಲ್ ಕಟ್ಟಲು ಕಾದಿದ್ದವರಿಗೆ ಇದು ದೊಡ್ಡ ಸುದ್ದಿ. ಗೇಲ್ ಶೇರುದಾರರಿಗೆ ಅಷ್ಟಲ್ಲ. ಹೊಸ ಗ್ಯಾಸ್ ಜಾಸ್ತಿ ಬಂದರೆ ಬೆಲೆ ಇಳಿಯಬಹುದು. ಆಗ ಹಳೆಯ ಬೆಲೆ ಸೂತ್ರದಲ್ಲಿ ಕೊಂಡವರಿಗೆ ಕಷ್ಟವೂ ಆದೀತು.

ಜರ್ಮನಿ ಸರ್ಕಾರ ಮಾಡಿದ ಕೆಲಸಕ್ಕೆ ಗೇಲ್‌ಗೆ ನಷ್ಟ ಆಯಿತಂತೆ. ಅದು ಹೇಗೆ?

ಕುರ್ಚಿಯ ವಿಚಾರಕ್ಕೆ ನಾನು ಮೊದಲು ಕೊಡುವ ಉದಾಹರಣೆ ಇದೇ. ಗೇಲ್ 2012ರಲ್ಲಿ ರಷ್ಯಾದ ಗಾಜ್‌ಪ್ರಾಮ್‌ನ ಸಿಂಗಾಪುರ ಶಾಖೆಯ ಜೊತೆ ಇಪ್ಪತ್ತು ವರ್ಷದ ಒಪ್ಪಂದ ಮಾಡಿಕೊಂಡಿತ್ತು. ಕಾಗದದ ಮೇಲೆ ಆ ಶಾಖೆ ಜರ್ಮನಿಯಲ್ಲಿದ್ದ ಗಾಜ್‌ಪ್ರಾಮ್ ಕಂಪನಿಯ ಕೆಳಗೆ ಬರುತ್ತಿತ್ತು. ಉಕ್ರೇನ್ ಯುದ್ಧ ಶುರುವಾಯಿತು. 2022ರ ಏಪ್ರಿಲ್ 4ರಂದು ಜರ್ಮನಿ ಸರ್ಕಾರ ಆ ಕಂಪನಿಗೆ ವಿದ್ಯುತ್, ಗ್ಯಾಸ್ ಜಾಲ ನೋಡಿಕೊಳ್ಳುವ ತನ್ನ ನಿಯಂತ್ರಣ ಸಂಸ್ಥೆಯನ್ನೇ ಟ್ರಸ್ಟಿಯಾಗಿ, ಅಂದರೆ ಆಡಳಿತದ ಉಸ್ತುವಾರಿಗೆ ನೇಮಿಸಿತು. ರಷ್ಯಾ ಅದಕ್ಕೆ ಪ್ರತಿಯಾಗಿ ನಿರ್ಬಂಧ ಹಾಕಿತು. ಗೇಲ್‌ಗೆ ಬರಬೇಕಾದ ಹಡಗುಗಳು ನಿಂತವು. ಇಲ್ಲಿನ ಗೊಬ್ಬರದ ಕಾರ್ಖಾನೆಗಳಿಗೆ ಕೊಡುವ ಗ್ಯಾಸನ್ನು ಗೇಲ್ ಕಡಿಮೆ ಮಾಡಬೇಕಾಯಿತು.

ಗೇಲ್ ಲಂಡನ್‌ನ ಮಧ್ಯಸ್ಥಿಕೆಗೆ ಹೋಗಿ ಸುಮಾರು 180 ಕೋಟಿ ಡಾಲರ್ ಕೇಳಿತು. 2025ರ ಜನವರಿಯಲ್ಲಿ 28.5 ಕೋಟಿ ಡಾಲರ್‌ಗೆ ರಾಜಿಯಾಯಿತು. ಕೇಳಿದ್ದರ ಆರನೇ ಒಂದು ಭಾಗಕ್ಕೂ ಕಡಿಮೆ. “ಒಪ್ಪಂದ ಗಟ್ಟಿ ಇದೆ, ಕೋರ್ಟಿದೆ” ಎಂದು ಯಾರಾದರೂ ಧೈರ್ಯ ಹೇಳಿದರೆ ಈ ಲೆಕ್ಕ ನೆನಪಿಡಿ. ಒಪ್ಪಂದ ಓದುವಾಗ ಎದುರಿನವರ ಹೆಸರು ನೋಡಿದರೆ ಸಾಲದು. ಅವರ ಮೇಲಿನ ಕಂಪನಿ ಯಾವ ದೇಶದ ಕಾನೂನಿನಡಿ ಇದೆ ಎಂದೂ ನೋಡಬೇಕು.

ಕೆನಡಾದಲ್ಲಿ ಸರ್ಕಾರ ಬದಲಾಗಿ ಇಂಡಿಯನ್ ಆಯಿಲ್‌ನ ಯೋಜನೆ ಹೋಯಿತು ಅಂತಾರೆ. ಅದು ನಿಜವೇ?

ದಿನಾಂಕ ನೋಡಿದರೆ ಹಾಗೇ ಕಾಣುತ್ತದೆ. ಪೆಸಿಫಿಕ್ ನಾರ್ತ್‌ವೆಸ್ಟ್ ಎಂಬ ಎಲ್‌ಎನ್‌ಜಿ ಯೋಜನೆಯಲ್ಲಿ ಇಂಡಿಯನ್ ಆಯಿಲ್‌ಗೆ ಶೇ. 10 ಪಾಲಿತ್ತು. ಯೋಜನೆಯ ಜಾಗವಿದ್ದ ಬ್ರಿಟಿಷ್ ಕೊಲಂಬಿಯಾ ಪ್ರಾಂತದಲ್ಲಿ 2017ರ ಜುಲೈ 18ರಂದು ಹೊಸ ಸರ್ಕಾರ ಬಂತು, ಒಂದು ವಾರಕ್ಕೆ ಅದನ್ನು ನಡೆಸುತ್ತಿದ್ದ ಮಲೇಷ್ಯಾದ ಪೆಟ್ರೊನಾಸ್ ಯೋಜನೆ ಕೈಬಿಟ್ಟಿತು. ಆದರೆ ಕಂಪನಿ ಹೇಳಿದ ಕಾರಣ ಮಾರುಕಟ್ಟೆಯದು. 2014ರ ನಂತರ ಎಲ್‌ಎನ್‌ಜಿ ಬೆಲೆ ನಿಜಕ್ಕೂ ಕುಸಿದಿತ್ತು. ಎಷ್ಟೋ ವರ್ಷದಿಂದ ಎಳೆದಾಡುತ್ತಿದ್ದ ಯೋಜನೆ ಒಂದು ವಾರದಲ್ಲಿ ಸಾಯುವುದಿಲ್ಲ. ನೇಮಕವನ್ನೇ ಎಲ್ಲದಕ್ಕೂ ಕಾರಣ ಮಾಡಿದರೆ ನಾವೇ ಮೋಸ ಹೋಗುತ್ತೇವೆ. ಮೊದಲು ಬೆಲೆ ನೋಡಿ, ಆಮೇಲೆ ಕುರ್ಚಿ.

ರಷ್ಯಾ, ಮ್ಯಾನ್ಮಾರ್‌ನಂಥ ಕಡೆ ನೇಮಕಕ್ಕೆ ಏನು ಬೆಲೆ? ಒಬ್ಬರ ಆಜ್ಞೆ ಸಾಕಲ್ಲ?

ಆಜ್ಞೆಯನ್ನು ಜಾರಿ ಮಾಡುವ ಕೈ ಬೇಕೇ ಬೇಕು. 2006ರಲ್ಲಿ ಸಖಾಲಿನ್-2 ಗ್ಯಾಸ್ ಯೋಜನೆಯ ಪರಿಸರ ಅನುಮತಿಯನ್ನು ರಷ್ಯಾದ ನೈಸರ್ಗಿಕ ಸಂಪತ್ತು ಸಚಿವಾಲಯ ರದ್ದು ಮಾಡಿತು. ಕೆಲವೇ ತಿಂಗಳಲ್ಲಿ ಶೆಲ್ ಮತ್ತು ಎರಡು ಜಪಾನಿ ಕಂಪನಿಗಳು ಅರ್ಧಕ್ಕಿಂತ ಹೆಚ್ಚು ಪಾಲನ್ನು 745 ಕೋಟಿ ಡಾಲರ್‌ಗೆ ಗಾಜ್‌ಪ್ರಾಮ್‌ಗೆ ಬಿಟ್ಟುಕೊಟ್ಟವು. ಮುಂದೆ ಬಂದು ಕಾಗದ ಹಿಡಿದವರು ಪರಿಸರ ಅಧಿಕಾರಿಗಳು.

ಮ್ಯಾನ್ಮಾರ್‌ನ ಶ್ವೇ ಎಂಬ ಗ್ಯಾಸ್ ಕ್ಷೇತ್ರದಲ್ಲಿ ಒಎನ್‌ಜಿಸಿ ವಿದೇಶ್‌ಗೆ ಶೇ. 17, ಗೇಲ್‌ಗೆ 8.5 ಪಾಲಿದೆ. 2021ರ ಫೆಬ್ರವರಿ 1ರಂದು ಸೇನೆ ಅಧಿಕಾರ ಹಿಡಿಯಿತು. ಜೊತೆಗಾರನಾದ ಅಲ್ಲಿನ ಸರ್ಕಾರಿ ಕಂಪನಿಯ ಮೇಲೆ ಯುರೋಪ್ ಒಕ್ಕೂಟ ಮರುವರ್ಷ ನಿರ್ಬಂಧ ಹಾಕಿತು. ಗ್ಯಾಸ್ ಹರಿಯುತ್ತಿದ್ದರೂ ಹಣ ಯಾವ ಬ್ಯಾಂಕಿನ ಮೂಲಕ ಬರಬೇಕು ಎಂಬುದೇ ಸಮಸ್ಯೆಯಾಗುವುದು ಹೀಗೆ.

ನಮ್ಮ ಪಕ್ಕದ ದಾಭೋಳ್‌ನಲ್ಲೂ ಹೀಗೇ ಆಗಿತ್ತಲ್ಲ?

ಹೌದು, ಅಲ್ಲಿ ವಿದೇಶಿ ಹೂಡಿಕೆದಾರರ ಜಾಗದಲ್ಲಿದ್ದದ್ದು ವಿದ್ಯುತ್ ಸ್ಥಾವರ ಕಟ್ಟುತ್ತಿದ್ದ ಅಮೆರಿಕದ ಎನ್ರಾನ್. 1995ರಲ್ಲಿ ಮಹಾರಾಷ್ಟ್ರದಲ್ಲಿ ಸರ್ಕಾರ ಬದಲಾಯಿತು. ಹೊಸ ಉಪಮುಖ್ಯಮಂತ್ರಿ ಗೋಪಿನಾಥ ಮುಂಡೆ ಅವರ ಅಧ್ಯಕ್ಷತೆಯಲ್ಲಿ ಪರಿಶೀಲನಾ ಸಮಿತಿ ನೇಮಕವಾಯಿತು. ಆಗಸ್ಟ್‌ನಲ್ಲಿ ಒಪ್ಪಂದ ರದ್ದಾಯಿತು. ಮತ್ತೆ ಮಾತುಕತೆಯಾಗಿ ಶುರುವಾದರೂ 2001ರಲ್ಲಿ ಸ್ಥಾವರ ನಿಂತಿತು. ಎಲ್‌ಎನ್‌ಜಿ ಟರ್ಮಿನಲ್ ಕೆಲಸ ಶುರು ಮಾಡಿದ್ದು 2013ರಲ್ಲಿ. ಆ ಕರೆಂಟಿನ ದರ ಜನರಿಗೆ ನಿಜವಾಗಿ ಭಾರವಾಗಿತ್ತು, ಮರುಪರಿಶೀಲನೆ ಬೇಕೇ ಇತ್ತು ಎಂದೇ ನಾನು ನಂಬಿದ್ದೇನೆ. ಮೊಜಾಂಬಿಕ್‌ನವರೂ ತಮ್ಮ ಗ್ಯಾಸಿನ ಬಗ್ಗೆ ಹಾಗೆ ಕೇಳಿದರೆ ತಪ್ಪೇನಿಲ್ಲ. ಶೇರುದಾರರಾಗಿ ನಾವು ಅದಕ್ಕೂ ತಯಾರಿರಬೇಕು.

ಹಾಗಾದರೆ ಈ ಶೇರು ಮಾರಿಬಿಡಲಾ?

ನೇಮಕದ ಸುದ್ದಿ ಓದಿ ಮಾರಬೇಡಿ, ಕೊಳ್ಳಲೂಬೇಡಿ. ಮಗಳ ಮದುವೆಗೆ, ಆಸ್ಪತ್ರೆಗೆ ಬೇಕಾಗುವ ದುಡ್ಡು ಇದರಲ್ಲಿ ಇದ್ದರೆ ಮಾತ್ರ ಯೋಚಿಸಿ. ಒಎನ್‌ಜಿಸಿ, ಗೇಲ್‌ನಲ್ಲಿ ಹೊರದೇಶದ ಯೋಜನೆ ಒಂದು ಭಾಗ ಅಷ್ಟೇ. ದೇಶದೊಳಗೆ ತೆಗೆಯುವ ಎಣ್ಣೆ, ಗ್ಯಾಸಿನ ಬೆಲೆ, ಗ್ಯಾಸ್ ಮಾರಾಟ, ಪೈಪ್‌ಲೈನ್ ಬಾಡಿಗೆ ಇವೇ ಹೆಚ್ಚಿನ ಗಳಿಕೆ ತರುವುದು.

ವರ್ಷಕ್ಕೊಮ್ಮೆ ವರದಿ ಬಂದಾಗ ಅರ್ಧ ಗಂಟೆ ಕೊಡಿ. ನಿರ್ದೇಶಕರ ಪುಟದಲ್ಲಿ ‘ಪ್ರಭಾರ’ ಎಷ್ಟು ಕಡೆ ಇದೆ ನೋಡಿ. ಹೊರದೇಶದ ಆಸ್ತಿಯ ಬೆಲೆ ಎಷ್ಟು ಇಳಿಸಿದ್ದಾರೆ ಎಂಬ ಟಿಪ್ಪಣಿ ಲೆಕ್ಕಪತ್ರದ ಹಿಂಬದಿಯಲ್ಲಿರುತ್ತದೆ, ಅದನ್ನು ಹುಡುಕಿ. ಹೋದ ವರ್ಷದ ವರದಿಯನ್ನು ಪಕ್ಕದಲ್ಲಿಟ್ಟುಕೊಳ್ಳಿ. ಅಂಕೋಲೆಯ ಅಕ್ಕೋರು ಈಗ ನಾಲ್ಕು ವರ್ಷದ ವರದಿಗಳನ್ನು ದಾರ ಕಟ್ಟಿ ಇಟ್ಟಿದ್ದಾರೆ. ಪ್ರತಿಯೊಂದರಲ್ಲೂ ಅದೇ ಪುಟಕ್ಕೆ ಪೆನ್ಸಿಲ್ ಗೆರೆ.